ಎಡೆಗೆ ಬಂದ ಇರುವೆ

ತೇಜಸ್ವಿನಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದಳು. ಕಾಂಪೌಂಡಿನ ಮೂಲೆಯಲ್ಲಿ ಮಹೇಂದ್ರ ಕುಕ್ಕುರುಗಾಲಲ್ಲಿ ಕೂತು, ಸೋಪಿನ ನೀರಿನ ಮಗ್ಗನ್ನು ಪಕ್ಕಕ್ಕಿಟ್ಟುಕೊಂಡು, ದಾಸವಾಳದ ಗಿಡದ ಒಂದೊಂದೇ ಎಲೆಯನ್ನು ಹಳೇ ಬನಿಯನ್ ಚೂರಿನಿಂದ ಒರೆಸುತ್ತಿದ್ದ. ಎಲೆಯ ಮೇಲೆ ಒರೆಸಿದ, ತಿರುಗಿಸಿ ಅಡಿಯಲ್ಲೂ ಒರೆಸಿದ, ತೊಟ್ಟಿನ ಸಂದಿಗೆ ಕಿರುಬೆರಳು ಹಾಕಿ ಅಲ್ಲಿ ಅಂಟಿಕೊಂಡಿದ್ದ ಬಿಳಿ ಹುಳ ಕೆರೆದು ತೆಗೆದ. ಬಸ್ ಡಿಪೋದಲ್ಲಿ ಅವನು ಮೆಕ್ಯಾನಿಕ್. ಇಂಜಿನ್ನಿನ ಹೊಟ್ಟೆಯೊಳಗೆ ಕೈಹಾಕಿ ಎಳೆದಾಡುವ ಆ ಒರಟು ಕೈ ಇಷ್ಟು ಮೆತ್ತಗೆ ಮುಟ್ಟಬಲ್ಲದು ಅಂತ, ಮದುವೆಯಾಗಿ ಎರಡು ವರ್ಷವಾದರೂ ಅವಳಿಗೆ ಗೊತ್ತಿರಲಿಲ್ಲ. ಎಲ್ಲಿಂದ ಗೊತ್ತಾಗಬೇಕು, ಪಾಪ.

"ಕಾಫಿ ಆರೋಗ್ತಾ ಇದೆ ಕಣ್ರೀ," ಅಂದಳು.

"ಬಂದೆ ಬಂದೆ. ಇದೊಂದು ಕೊಂಬೆ ಆಗ್ಬುಡ್ಲಿ."

"ಒರ್ಸಿ ಏನು ಬಂತು? ಇರುವೆಗಳು ಮತ್ತೆ ಹುಳಾನ ಹೊತ್ಕೊಂಡು ಬಂದು ಕೂರಿಸ್ತವೆ. ನಿನ್ನೇನೂ ಒರ್ಸಿದ್ರಿ, ಮೊನ್ನೇನೂ ಒರ್ಸಿದ್ರಿ."

"ನಾಳೇನೂ ಒರ್ಸಿದ್ರಾಯ್ತು ಬುಡು," ಅಂದ ಅವನು, ತಲೆ ಎತ್ತದೆ.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬನ್ನೂರು ಕಡೆಯ ಬೇಸಾಯಗಾರರ ಮನೆಯ ಹುಡುಗಿ ಅವಳು; ಗಿಡ, ಹುಳ, ಇರುವೆ ಎಲ್ಲ ಕಂಡವಳು. ಆ ಬಿಳಿ ಹುಳ ಒಸರುವ ಸಿಹಿನೀರಿಗೆ ಕಪ್ಪಿರುವೆಗಳು ಮುಗಿಬೀಳುತ್ತವೆ. ಹಸು ಸಾಕಿದ ಹಾಗೆ ಹುಳವನ್ನು ಸಾಕುತ್ತವೆ, ಈ ಕೊಂಬೆಯಿಂದ ಆ ಕೊಂಬೆಗೆ ಸಾಗಿಸುತ್ತವೆ, ಕಾವಲೂ ಕಾಯುತ್ತವೆ. ಇರುವೆಯ ಗೂಡು ಗಿಡದ ಬುಡದ ಹತ್ತಿರವೇ ಇತ್ತು. ಗೂಡು ಕೀಳದೆ ಎಲೆ ಒರೆಸುವುದು ಅಂದರೆ ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ. ಗೂಡಿಗೆ ಔಷಧಿ ಹಾಕೋಣ ಅಂದರೆ ಮಹೇಂದ್ರ ಬಿಲ್‌ಕುಲ್ ಒಪ್ಪಲಿಲ್ಲ. "ಬಿಂದು ಯಾವತ್ತೂ ಈ ಗಿಡಕ್ಕೆ ವಿಷ ಹಾಕಿದವಳಲ್ಲ," ಅಂದುಬಿಟ್ಟ. ಆ ಮಾತಿನ ಮೇಲೆ ಇನ್ನೇನು ಹೇಳುವುದಿದೆ?

ಬಿಂದುಶ್ರೀ ಅವನ ಮೊದಲ ಹೆಂಡತಿ. ವಿಜಯನಗರದ ಈ ಮನೆಗೆ ಹಾಲುಕ್ಕಿಸಿ ಒಳಗೆ ಬಂದವಳು, ಬಂದ ವಾರದಲ್ಲೇ ದಾಸವಾಳದ ಕಡ್ಡಿ ನೆಟ್ಟವಳು. ಜ್ವರ ಅಂತ ಆಸ್ಪತ್ರೆಗೆ ಹೋದವಳು ಮತ್ತೆ ಮನೆಗೆ ಬರಲಿಲ್ಲ. ನಡುಮನೆಯ ಗೋಡೆಯ ಮೇಲೆ ಫೋಟೋದಲ್ಲಿ ಕೂತು ನಗುತ್ತಿದ್ದಾಳೆ. ಬೆಳಿಗ್ಗೆ ಎದ್ದು ಮಹೇಂದ್ರ ಆ ಗಿಡದಿಂದ ಬಿಡಿಸುವ ಮೊದಲ ಹೂವು ದೇವರಿಗಲ್ಲ, ಅವಳಿಗೆ.

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ಫಜೀತಿಯ ಕೆಲಸ ಅನ್ನುವುದು ಪಟ್ಟವರಿಗೇ ಗೊತ್ತು. ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದು, ಬೀದಿಯವರ ಹತ್ತಿರ ಹೇಳಿಕೊಂಡು ಅಳಬಹುದು. ಸತ್ತವಳ ಜೊತೆ ಯಾವ ಜಗಳ? ಅವಳಿಗೆ ಕೂದಲು ನೆರೆಯುವುದಿಲ್ಲ. ತಲೆನೋವು ಅಂತ ಮಲಗುವುದಿಲ್ಲ. ಒಂದು ದಿನವೂ ಹಾಲು ಉಕ್ಕಿಸಿ ಒಲೆ ಕೆಡಿಸುವುದಿಲ್ಲ. ಮಹೇಂದ್ರ ಕೆಟ್ಟವನೂ ಅಲ್ಲ. ಒಂದು ಏಟು ಹೊಡೆದವನಲ್ಲ, ಒಂದು ಬೈಗುಳ ಬೈದವನಲ್ಲ, ಕೇಳಿದ್ದನ್ನು ತಂದುಕೊಡುತ್ತಾನೆ. ಆದರೆ ಮಾತಾಡುವಾಗ ಅವನ ಕಣ್ಣು ತೇಜಸ್ವಿನಿಯ ಕಿವಿಯ ಪಕ್ಕದಿಂದ ಹಾದು ಹಿಂದಿನ ಗೋಡೆಗೆ ಹೋಗುತ್ತಿತ್ತು. ಎದುರಿಗೆ ಕೂತವಳನ್ನು ಬಿಟ್ಟು ಅಲ್ಲಿ ಏನು ನೋಡುತ್ತಾನೆ ಅಂತ ಅವಳಿಗೆ ಉರಿದುಹೋಗುತ್ತಿತ್ತು.

ಅವತ್ತು ಸಂಜೆ ಅವನು ಇನ್ನೊಂದು ಉರಿ ತಂದ. ಅಂಗಡಿಯ ಕವರಿನಿಂದ ಸೀರೆ ತೆಗೆದು ಮೇಜಿನ ಮೇಲೆ ಹರಡಿದ. ಗಿಳಿಹಸಿರಿಗೆ ಕೆಂಪು ಅಂಚು. ಮಹಾಲಯ ಅಮಾವಾಸ್ಯೆಗೆ ಎರಡು ದಿನ ಉಳಿದಿತ್ತು. ಬೀದಿಯಲ್ಲಿ ದಸರಾಕ್ಕೆ ಕಂಬದಿಂದ ಕಂಬಕ್ಕೆ ಬಲ್ಬಿನ ಸರ ಎಳೆಯುತ್ತಿದ್ದರು. ಅವನ ಅಪ್ಪ ಅಮ್ಮನ ಎಡೆ ಊರಲ್ಲಿ ಅಣ್ಣನ ಮನೆಯಲ್ಲಿ ಇಡುತ್ತಾರೆ. ಇಲ್ಲಿ ಇಡುವುದು ಬಿಂದುಶ್ರೀಗೆ ಮಾತ್ರ. ಮುತ್ತೈದೆಯಾಗಿ ಹೋದವಳು, ಅವಳಿಗೆ ಹೊಸ ಸೀರೆ ಇಡಬೇಕು, ಎಡೆ ಮುಗಿದ ಮೇಲೆ ಅದೇ ಸೀರೆಯನ್ನು ಎರಡನೆಯವಳು ಉಡಬೇಕು. ಹಾಗೆ ನಡೆದುಕೊಂಡು ಬಂದದ್ದು.

"ಹೆಂಗಿದೆ? ನಾಲ್ಕು ಅಂಗಡಿ ಸುತ್ತಿದೆ. ಈ ಹಸಿರು ಅಂದ್ರೆ ಅವಳಿಗೆ ಪ್ರಾಣ," ಅಂದ.

"ಚೆನ್ನಾಗಿದೆ," ಅಂದಳು ತೇಜಸ್ವಿನಿ. ಗೌರಿ ಹಬ್ಬಕ್ಕೆ ಅವಳ ಕೈಗೆ ದುಡ್ಡು ಕೊಟ್ಟು "ನಿಂಗೆ ಬೇಕಾದ್ದು ತಗೋ" ಅಂದಿದ್ದ. ಅವಳಿಗೆ ಯಾವ ಬಣ್ಣ ಅಂದರೆ ಪ್ರಾಣ ಅಂತ ಇವತ್ತಿನವರೆಗೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಹಸಿರಂತೂ ಅಲ್ಲ.

ಊಟ ಬಡಿಸುವಾಗ ಅವಳು ಬೇಕೆಂದೇ ಮಾತು ತೆಗೆದಳು. "ಆ ದಾಸವಾಳ ಇನ್ನು ಏಳಲ್ಲ ಕಣ್ರೀ. ತೆಗ್ಸಿಬುಡಿ. ಬೇಕಾದ್ರೆ ಅಲ್ಲಿ ಬೇರೆ ಏನಾದ್ರೂ ಹಾಕೋಣ."

"ನನ್ ಕೈಯಾರೆ ತೆಗೀ ಅಂತೀಯಾ?" ಅಂದ ಮಹೇಂದ್ರ. ಆಮೇಲೆ ಒಂದು ತುತ್ತು ನುಂಗಿ, "ತಾನಾಗೇ ಹೋದ್ರೆ ಬೇರೆ ಮಾತು. ಹೋದ್ರೆ ಹೋಯ್ತು ಅಂತ ಬುಟ್ಟುಬುಡ್ತೀನಿ. ನಾನಾಗೇ ಮಾತ್ರ ಮುಟ್ಟಲ್ಲ," ಅಂದ.

ತಾನಾಗೇ ಹೋದರೆ! ಆ ಮಾತು ಅವಳ ತಲೆಯೊಳಗೆ ಕೂತುಬಿಟ್ಟಿತು. ಗಿಡ ಹೋದರೆ ಮೊದಲ ಹೂವು ಹೋಯಿತು, ಎಲೆ ಒರೆಸುವ ಚಾಕರಿ ಹೋಯಿತು. ಬೆಳಿಗ್ಗೆ ಗಂಡ ಎನ್ನುವವನು ಎದ್ದು ನೇರ ಅಡುಗೆಮನೆಗೆ ಬಂದು, ಅವಳ ಎದುರು ಕೂತು ಬಿಸಿ ಕಾಫಿ ಕುಡಿಯಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅದೇನು ಅತಿಯಾಸೆಯೇ?

ಮಾರನೆಯ ದಿನ ಅವನು ಡಿಪೋಗೆ ಹೋದ ಮೇಲೆ ಕಜ್ಜಾಯದ ಪಾಕದ ಹಿಟ್ಟನ್ನು ಮುಚ್ಚಿಟ್ಟು, ದೊಡ್ಡ ದಬರಿಯಲ್ಲಿ ನೀರು ಕಾಯಲು ಇಟ್ಟಳು. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದಲೇ ಇಣುಕಿ, "ಇರುವೆಗಾ? ಒಳ್ಳೇ ಕೆಲ್ಸ ಮಾಡಿದ್ರಿ. ಬುಡಕ್ಕೆ ಮಾತ್ರ ಬೀಳ್ದಂಗೆ ನೋಡ್ಕೊಳ್ಳಿ, ಬೇರು ಬೆಂದೋಗತ್ತೆ," ಅಂದು ಬಟ್ಟೆ ಒಣಗಿಸಲು ಹೋದರು. ಇವಳಿಗೆ ಗೊತ್ತಿಲ್ಲದ ವಿಷಯವೇ ಅದು?

ಮೊದಲ ದಬರಿ ನೀರನ್ನು ಸರಿಯಾಗಿಯೇ ಹುಯ್ದಳು. ಬುಡದಿಂದ ಒಂದು ಗೇಣು ದೂರದಲ್ಲಿದ್ದ ಗೂಡಿನ ಬಾಯಿಗೆ. ಹಬೆ ಎದ್ದಿತು, ಮಣ್ಣು ಕುಸಿಯಿತು, ಇರುವೆಗಳು ಕರಿಯ ಮುದ್ದೆಯಾಗಿ ತೇಲಿ ಬಂದವು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಳಗೆ ಹೋಗಿ ಎರಡನೇ ದಬರಿ ಕುದಿಸಿದಳು, ತಂದಳು, ಕಾಂಡಕ್ಕೆ ಒರಗಿಸಿದ ಹಾಗೆ ಹಿಡಿದು ಬುಡಕ್ಕೇ ಸುರಿದಳು. "ಹೋಗು ತಾಯಿ, ಸಾಕು ಇನ್ನು," ಅಂದಳು. ಗಿಡಕ್ಕೆ ಅಂದಳೋ, ಫೋಟೋದಲ್ಲಿದ್ದವಳಿಗೆ ಅಂದಳೋ. ಮನಸ್ಸು ಒಂದು ಗಳಿಗೆ ತಣ್ಣಗಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದು ಕಜ್ಜಾಯ ತಟ್ಟಲು ಕೂತಳು.

ಸಂಜೆ ನೋಡಿದರೆ ನಡುಮನೆಯ ಕಿಟಕಿಯ ಅಂಚಿನಲ್ಲಿ ಉಳಿದಿದ್ದ ಇರುವೆಗಳ ಸಾಲು. ಮನೆ ಕಳೆದುಕೊಂಡವು ಬಾಯಲ್ಲಿ ಬಿಳಿ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತಿದ್ದವು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಹಾಕಿದಳು. ಮಹೇಂದ್ರ ಬಂದಾಗ ಕತ್ತಲಾಗಿತ್ತು, ಗಿಡದ ಕಡೆ ಹೋಗಲಿಲ್ಲ.

ಅಮಾವಾಸ್ಯೆಯ ದಿನ ಮಹೇಂದ್ರ ಕತ್ತಲಿರುವಾಗಲೇ ಕೈಗೆ ಸಿಕ್ಕ ಒಂದು ಹೂವು ಬಿಡಿಸಿಟ್ಟು ಮಟನ್ ಅಂಗಡಿಯ ಸಾಲಿಗೆ ಓಡಿದ. ಬೆಳಗಾದ ಕೂಡಲೇ ಪುಟ್ಟತಾಯಮ್ಮ ಬಂದರು. ಬಿಂದುಶ್ರೀಯ ತಾಯಿ. ಅವರ ಮನೆ ಪಕ್ಕದ ಹಿನಕಲ್‌ನಲ್ಲಿ. ಆ ಊರು ಸಿಟಿಯೊಳಗೆ ಸೇರಿಹೋದ ಮೇಲೆ ಬೇಕೆಂದಾಗ ನಡೆದು ಬರುವಷ್ಟು ಹತ್ತಿರ. ಬರುವಾಗಲೆಲ್ಲ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತರುತ್ತಾರೆ. ತೇಜಸ್ವಿನಿಯನ್ನು ಮಣೆಯ ಮೇಲೆ ಕೂರಿಸಿ ತುಂಬುತ್ತಾರೆ. "ನೀನೂ ನನ್ ಮಗಳೇ ಕಣವ್ವ," ಅನ್ನುತ್ತಾರೆ. ಆ 'ನೀನೂ' ಅನ್ನುವುದು ತೇಜಸ್ವಿನಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು.

ಅಡುಗೆಯೆಲ್ಲ ತೇಜಸ್ವಿನಿಯದೇ. ಎಡೆಗೆ ಇಡುವ ಅಡುಗೆಯ ರುಚಿ ನೋಡುವ ಹಾಗಿಲ್ಲ. ಸತ್ತವರ ಬಾಯಿಗೆ ಮೊದಲು. ಕಣ್ಣಳತೆಯಲ್ಲೇ ಮಟನ್ ಸಾರು ಮಾಡಿದಳು, ಮುದ್ದೆ ತೊಳಸಿದಳು, ವಡೆ ಕರಿದಳು. ಸ್ಟೂಲಿನ ಮೇಲೆ ಫೋಟೋ, ಪಕ್ಕದಲ್ಲಿ ಮಡಿಸಿದ ಹಸಿರು ಸೀರೆ, ಮುಂದೆ ಬಾಳೆಎಲೆ. ಎಲೆಯ ತುಂಬ ಬಡಿಸಿ, ಮೇಲೆ ಕಜ್ಜಾಯ ಪೇರಿಸಿದರು. ಮಹೇಂದ್ರ ಧೂಪ ಹಾಕಿದ. ಮೂವರೂ ಕೈಮುಗಿದು ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಒಳಗಿರುವವಳು ನಾಚಿಕೊಳ್ಳದೆ ಉಣ್ಣಬೇಕಲ್ಲ, ಅದಕ್ಕೆ.

ಮಹೇಂದ್ರ ಬಾಗಿಲಿಗೆ ಮುಖ ಮಾಡಿ ಕಣ್ಣುಮುಚ್ಚಿ ನಿಂತ. ಪುಟ್ಟತಾಯಮ್ಮ ಕಾಲು ನೋಯುತ್ತದೆ ಅಂತ ಗಿಡದ ಪಕ್ಕದ ಕಟ್ಟೆಯ ಮೇಲೆ ಕೂತರು. ದಾಸವಾಳದ ಎಲೆಗಳು ಆಗಲೇ ಜೋತುಬಿದ್ದಿದ್ದವು. ಮುದುಕಿಯ ಕಣ್ಣು ಎಲೆಯ ಮೇಲೆ ಆಡಿತು, ಬುಡಕ್ಕೆ ಇಳಿಯಿತು. ಅಲ್ಲಿ ಸತ್ತ ಇರುವೆಗಳು ಸುರುಟಿಕೊಂಡು ರಾಶಿ ಬಿದ್ದಿದ್ದವು. ಆಮೇಲೆ ಆ ಕಣ್ಣು ತೇಜಸ್ವಿನಿಯ ಮೇಲೆ ನಿಂತಿತು. ತೇಜಸ್ವಿನಿ ಬೀದಿಯ ಕಡೆ ತಿರುಗಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಮಹೇಂದ್ರ ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆದ. ತೆರೆದವನು ಹೊಸಿಲ ಮೇಲೆಯೇ ನಿಂತುಬಿಟ್ಟ.

ಕಿಟಕಿಯಿಂದ ಇಳಿದ ಕಪ್ಪು ಸಾಲು ಗೋಡೆಗುಂಟ ಬಂದು, ನೆಲ ದಾಟಿ, ನೇರ ಎಡೆಗೆ ಹೋಗಿತ್ತು. ಕಜ್ಜಾಯದ ಮೇಲೆ ಇರುವೆ, ಎಲೆಯ ಮೇಲೆ ಇರುವೆ, ಸ್ಟೂಲಿನ ಕಾಲು ಹತ್ತಿ ಹಸಿರು ಸೀರೆಯ ಮಡಿಕೆಯ ಮೇಲೂ ಇರುವೆ. ಒಂದೆರಡು ಫೋಟೋದ ಗಾಜಿನ ಮೇಲೆ, ಬಿಂದುಶ್ರೀಯ ಕೆನ್ನೆಯ ಹತ್ತಿರ ಓಡಾಡುತ್ತಿದ್ದವು.

"ಬಂದವ್ಳೆ ಕಣತ್ತೆ," ಅಂದ ಮಹೇಂದ್ರ. "ಬಿಂದು ಬಂದವ್ಳೆ. ಅವಳ ಗಿಡದ ಇರುವೆ ನೋಡಿ. ಒಂದ್ ವರ್ಷಾನೂ ಹಿಂಗಾಗಿರ್ಲಿಲ್ಲ." ಅಲ್ಲೇ ಮೊಣಕಾಲೂರಿ ಕೂತು ಮಗುವಿನ ಹಾಗೆ ಅತ್ತ. ಒರೆಸಲು ಬಂದ ತೇಜಸ್ವಿನಿಯನ್ನು ಕೈ ಅಡ್ಡ ಹಿಡಿದು ತಡೆದ. "ಮುಟ್ಟಬೇಡ. ಊಟ ಮಾಡ್ತಾವ್ಳೆ."

ಅಯ್ಯೋ ಕರ್ಮವೇ! ಓಡಿಸಬೇಕು ಅಂತ ಕುದಿಯುವ ನೀರು ಹುಯ್ದವಳು ತಾನು. ಆ ನೀರೇ ಬಿಂದುವನ್ನು ಗೋಡೆ ಹತ್ತಿಸಿ, ಕಿಟಕಿ ದಾಟಿಸಿ, ನಡುಮನೆಗೆ ಕರೆದು ತಂದು ಎಲೆಯ ಮುಂದೆ ಕೂರಿಸಿತಲ್ಲ. ಎರಡು ವರ್ಷ ಇವನ ಬಟ್ಟೆ ಒಗೆದಿದ್ದೇನೆ, ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿದ್ದೇನೆ, ನನಗಾಗಿ ಒಂದು ಹನಿ ಕಣ್ಣೀರು ಈ ಕಣ್ಣಲ್ಲಿ ಬರಲಿಲ್ಲ. ನಾಲ್ಕು ಇರುವೆಗೆ ಹೀಗೆ ಅಳುತ್ತಾನೆ. ತೇಜಸ್ವಿನಿ ಅಡುಗೆಮನೆಗೆ ಹೋಗಿ ಕಟ್ಟೆ ಹಿಡಿದು ನಿಂತಳು.

ಹಿಂದೆಯೇ ಪುಟ್ಟತಾಯಮ್ಮ ಬಂದು ಬಾಗಿಲು ಓರೆ ಮಾಡಿದರು.

"ಬಿಸ್ನೀರು ಹುಯ್ದೇನವ್ವ?"

ತೇಜಸ್ವಿನಿ ದಬರಿಯನ್ನು ಕಾಲಿನಿಂದ ಕಟ್ಟೆಯ ಕೆಳಗೆ ತಳ್ಳಿದಳು.

"ಮೊಟ್ಟೆ ಕಚ್ಕೊಂಡು ಬಂದವೆ ಇರ್ವೆ. ಮನೆ ಆಳಾದ್ರೇನೇ ಅವು ಅಂಗೆ ಬರಾದು. ನನ್ ಮಗ್ಳು ಬಂದಿದ್ರೆ ಕಜ್ಜಾಯಕ್ಕೆ ಬರ್ತಿದ್ಳಾ? ಸೀ ಅಂದ್ರೆ ಆಗ್ತಿರ್ನಿಲ್ಲ ಅವ್ಳಿಗೆ. ಇವ್ನಿಗೆ ಅದೂ ಮರ್ತೋಗದೆ." ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ಅವ್ರಿಗೆ ಹೇಳ್ತೀರಾ?"

"ನಾನ್ಯಾಕೆ ಏಳ್ಲಿ? ನೀ ಸುಮ್ಕಿದ್ರೆ ನಾನೂ ಸುಮ್ಕಿರ್ತೀನಿ. ಗಿಡ ತಾನಾಗೇ ಓಯ್ತದೆ, ಅವ್ಳು ಬಂದು ಉಂಡು ಗಿಡಾನೂ ಕರ್ಕೊಂಡು ಓದ್ಳು ಅಂದ್ಕತಾನೆ. ನಿಂಗೂ ನೆಮ್ದಿ."

"ನಿಮಗೆ ನನ್ ಮೇಲೆ ಕೋಪ ಇಲ್ವಾ ಅಮ್ಮ?"

ಪುಟ್ಟತಾಯಮ್ಮ ನಕ್ಕರು. ನಗುವಿನಲ್ಲಿ ಪ್ರೀತಿಯೇನೂ ಇರಲಿಲ್ಲ. "ಕ್ವಾಪ ಏನ್ ಬಂತು. ನಂಗೂ ನಿನ್ನ ಕಂಡ್ರೆ ಒಟ್ಟೆ ಉರೀತದೆ ಕಣವ್ವ. ನನ್ ಮಗ್ಳ ಒಲೆ ಮುಂದೆ ನೀ ನಿಂತಿರಾದು ನೋಡುದ್ರೆ. ಪ್ರತಿ ಸಲ ಮಡ್ಲು ತುಂಬಿ, ಮನೆಗಂಟ ಉರ್ಕೊಂಡೇ ಓಯ್ತೀನಿ. ನಾನು ಕುದಿಯೋ ನೀರು ಯಾರ್ ಮ್ಯಾಲೆ ಹುಯ್ಲಿ, ಏಳು?"

ಅಷ್ಟರಲ್ಲಿ ಮಹೇಂದ್ರ ಬಾಗಿಲು ತಳ್ಳಿಕೊಂಡು ಬಂದ. ಎರಡೂ ಅಂಗೈಯ ಮೇಲೆ ಹಸಿರು ಸೀರೆ. ಅತ್ತು ಮುಖ ಊದಿತ್ತು, ಆದರೆ ಒಳ್ಳೇ ನಿದ್ದೆ ಮಾಡಿ ಎದ್ದವನ ಹಾಗೆ ಹಗುರಾಗಿದ್ದ. ಸೀರೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಇರುವೆಗಳನ್ನು ನೋವಾಗದಂತೆ ಊದಿ ಊದಿ ಬಿಡಿಸುತ್ತಿದ್ದ.

"ತೇಜು, ಉಟ್ಕೊ. ಇವತ್ತು ಅವಳೇ ಕೈಯಾರೆ ಕೊಟ್ಟಂಗೆ ಅಂದ್ಕೊ. ಇನ್ಮೇಲೆ ಆ ಇರುವೆಗಳನ್ನ ಯಾರೂ ಮುಟ್ಟೋದು ಬೇಡ."

ಕೈ ಚಾಚಿದರೆ ಆಗಿತ್ತು. ಸೀರೆ ಉಟ್ಟು ಎದುರಿಗೆ ನಿಂತರೆ, ಅವನು ಇವತ್ತು ಪ್ರೀತಿಯಿಂದಲೇ ನೋಡುತ್ತಿದ್ದ. ಸೀರೆಯನ್ನು ನೋಡುತ್ತಿದ್ದ. ಪುಟ್ಟತಾಯಮ್ಮ ಬಾಯಿ ಬಿಗಿಹಿಡಿದು ಪಾತ್ರೆಗಳ ಕಡೆ ತಿರುಗಿದರು. ತೇಜಸ್ವಿನಿ ಕೈ ಚಾಚಿದಳು ಕೂಡ. ಆದರೆ ಆಗಲಿಲ್ಲ. ಸತ್ಯವಂತೆ ಅಂತಲ್ಲ, ಸುಳ್ಳು ಹೇಳಲು ಅವಳಿಗೇನೂ ಮಡಿವಂತಿಕೆ ಇರಲಿಲ್ಲ. ಫೋಟೋ ಬಿಂದುವಿನದು, ಗಿಡ ಅವಳದು, ಸೀರೆ ಅವಳದು, ಇವನ ಅಳುವೂ ಅವಳದು. ತಾನು ಕೈಯಾರೆ ಮಾಡಿದ ಈ ಒಂದು ಕೇಡನ್ನೂ ಆ ಬಿಂದುಶ್ರೀಗೇ ಬಿಟ್ಟುಕೊಡಬೇಕೇ?

"ಬಿಂದು ಬರ್ಲಿಲ್ಲ ಕಣ್ರೀ," ಅಂದಳು.

"ಏನು?"

"ಯಾರೂ ಬರ್ಲಿಲ್ಲ. ನಾನು ಓಡ್ಸಿದ್ದು. ನಿನ್ನೆ ನೀವು ಡಿಪೋಗೆ ಹೋದ್ಮೇಲೆ ಎರಡು ದಬರಿ ಕುದಿಯೋ ನೀರು ಹುಯ್ದೆ. ಒಂದು ಗೂಡಿಗೆ, ಒಂದು ಬುಡಕ್ಕೆ. ಉಳ್ಕೊಂಡಿದ್ವು ಒಳಗೆ ಬಂದ್ವು. ಕಜ್ಜಾಯ ನಾನ್ ಮಾಡಿದ್ದು, ಅದಕ್ಕೇ ಮುತ್ಕೊಂಡ್ವು."

ಮಹೇಂದ್ರ ಅತ್ತೆಯ ಕಡೆ ನೋಡಿದ. ಪುಟ್ಟತಾಯಮ್ಮ ತಿರುಗಲಿಲ್ಲ.

"ಬುಡಕ್ಕೆ ಹುಯ್ದ್ರೆ ಗಿಡ ಸಾಯ್ತದೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅದಕ್ಕೇ ಹುಯ್ದೆ."

"ಯಾಕೆ?"

"ಹೊಟ್ಟೆಕಿಚ್ಚು."

"ಸತ್ತೋದವಳ ಮೇಲಾ?"

"ಈ ಮನೇಲಿ ಬದುಕಿರೋದು ಅವಳೊಬ್ಳೇ ಅಲ್ವಾ. ಇನ್ಯಾರ ಮೇಲೆ ಪಡ್ಲಿ?"

ಅವನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಸೀರೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವನು ಅವಳನ್ನು ನೋಡಿದ. ಕಿವಿಯ ಪಕ್ಕಕ್ಕಲ್ಲ, ಹಿಂದಿನ ಗೋಡೆಗಲ್ಲ, ನೆಟ್ಟ ಕಣ್ಣಲ್ಲಿ ಅವಳನ್ನೇ ನೋಡಿದ, ಸುಟ್ಟುಬಿಡುವ ಹಾಗೆ. ತೇಜಸ್ವಿನಿ ಕಣ್ಣು ಕೆಳಗಿಳಿಸಲಿಲ್ಲ. ಇಷ್ಟು ದಿನ ಕಾದದ್ದನ್ನು ಹೆದರಿಕೆಗೆ ಕಳೆದುಕೊಳ್ಳುವಷ್ಟು ದಡ್ಡಿಯಲ್ಲ ಅವಳು.

"ನೀನೇನು ಮನುಷ್ಯಳೇನೇ?" ಅಂತ ಗುಡುಗಿ ಮಹೇಂದ್ರ ಹೊರಗೆ ಹೋದ. ಗಿಡದ ಕಡೆಯಿಂದ ಮಣ್ಣು ಕೆದಕುವ ಸದ್ದು ಬಂತು, ನಿಂತುಹೋಯಿತು. ತೇಜಸ್ವಿನಿ ಸೀರೆಯನ್ನು ಎತ್ತಿ ಒದರಿ, ಮಡಿಸಿ, ಪುಟ್ಟತಾಯಮ್ಮನ ಕೈಗೆ ಕೊಟ್ಟಳು. ಮುದುಕಿ ಅದನ್ನು ಎದೆಗವಚಿಕೊಂಡರು. ಬೇಡ ಅನ್ನಲಿಲ್ಲ.

"ಎಲೆ ಹಾಕವ್ವ," ಅಂದರು ಆಮೇಲೆ. "ಎಡೆ ಇಟ್ಟ ಮನೇಲಿ ಉಪವಾಸ ಇರಬಾರ್ದು. ಅಳುವೋರು ಅಳ್ಲಿ, ಉಣ್ಣೋದು ಉಣ್ಣನ." ಹೊರಗೆ ಹೋಗಿ ಅಳಿಯನ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು.

ಮಹೇಂದ್ರ ಉಗುರಿನ ಸಂದಿಯ ಮಣ್ಣನ್ನು ತೊಳೆಯದೆ ಎಲೆಯ ಮುಂದೆ ಕೂತ. ಮುದ್ದೆ ಮುರಿದ, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ, ನುಂಗಿದ. ಮದುವೆಯಾದಂದಿನಿಂದ ಅವಳ ಅಡುಗೆಗೆ ಒಂದು ಮಾತೂ ಆಡಿದವನಲ್ಲ ಅವನು. ಹೋಟೆಲಿನಲ್ಲಿ ಉಂಡವನ ಹಾಗೆ ಇಟ್ಟದ್ದನ್ನು ಉಂಡು ಎದ್ದು ಹೋಗುತ್ತಿದ್ದ. ಎರಡನೇ ತುತ್ತಿಗೆ ಕೈ ನಿಲ್ಲಿಸಿದ.

"ಏನಿದು ಸಾರು? ಉಪ್ಪೇ ಇಲ್ವಲ್ಲೇ," ಅಂದ, ಹಲ್ಲು ಕಚ್ಚಿ.

ತೇಜಸ್ವಿನಿ ಉಪ್ಪಿನ ಜಾಡಿ ತಂದು ಬಗ್ಗಿ ಎಲೆಯ ತುದಿಗೆ ಒಂದು ಚಿಟಿಕೆ ಇಟ್ಟಳು.

"ಸಾಕಾ?"

ಅವನು ಕಣ್ಣೆತ್ತಿ ಮತ್ತೆ ಅವಳನ್ನು ನೋಡಿದ. ಕೋಪ ಹಾಗೇ ಇತ್ತು.

"ಇನ್ನೊಂಚೂರು ಹಾಕು."